ಕಿಶೋರರ ಕಂಠವೂ ಸಂಗೀತ ನಾಟಕವೂ

ಇಂಗ್ಲೆಂಡ್, ಅಮೆರಿಕ ಮೊದಲಾದ ದೇಶಗಳ ಅನೇಕ ಊರುಗಳಲ್ಲಿ ಹುಡುಗ ಹುಡುಗಿಯರು ಒಂದುಗೂಡಿ ರಜೆಯ ಕಾಲದಲ್ಲಿ ಸಂಗೀತ ನಾಟಕವಾಡುವ ಪದ್ಧತಿಯುಂಟು. ವೃತ್ತಿ ಕಂಪೆನಿಗಳ ನಾಟಕಕ್ಕೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿ ನಟರಿಗೆ ಸಂಬಳವಿಲ್ಲ. ಪರದೆ ಕಟ್ಟುವವರು, ಉಡುಪು ಹೊಲಿಯುವವರು, ಟಿಕೆಟ್ ಹರಿಯುವವರು ಎಲ್ಲರೂ ಊರಿನವರೇ. ಬ್ರಿಟನ್ನಿನಲ್ಲಿ ೧೯೭೬ರಲ್ಲಿ ಆರಂಭವಾದ ರಾಷ್ಟ್ರೀಯ ಯುವಜನ ಸಂಗೀತ ರಂಗದಂತಹ ದೊಡ್ಡ ಸಂಸ್ಥೆಗಳು ದೇಶದ ಹಲವು ಕಡೆಗಳಲ್ಲಿ ಪರೀಕ್ಷೆ ನಡೆಸಿ ತರುಣರನ್ನು ಆರಿಸಿಕೊಳ್ಳುತ್ತವೆ. ನಮ್ಮಲ್ಲಿಯೂ ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂತಹ ಶಿಬಿರಗಳಲ್ಲಿ ಮಕ್ಕಳು ಬೇಸಿಗೆ ರಜೆಯಲ್ಲಿ ಹಾಡು, ಕುಣಿತ, ಮಾತುಗಳನ್ನು ಕಲಿತು ರಂಗಕ್ಕೆ ಬರುತ್ತಾರೆ.

ಪಾತ್ರ ಬಯಸಿದವನು ಮೊದಲು ಪರೀಕ್ಷಕರ ಮುಂದೆ ನಿಲ್ಲಬೇಕು. ಇದಕ್ಕೆ ಆಡಿಷನ್ ಎಂದು ಹೆಸರು. ಸಾಮಾನ್ಯವಾಗಿ ಹಾಡಿನ ೧೬ ಅಥವಾ ೩೨ ತಾಳಖಂಡಗಳನ್ನು ಮಾತ್ರ ಹಾಡಲು ಹೇಳುತ್ತಾರೆ. ನಿಮಿಷಕ್ಕೆ ೧೨೦ ಪೆಟ್ಟುಗಳ ವೇಗದಲ್ಲಿ, ಖಂಡಕ್ಕೆ ನಾಲ್ಕು ಪೆಟ್ಟುಗಳಂತೆ ಲೆಕ್ಕ ಹಾಕಿದರೆ, ೧೬ ಖಂಡಗಳಿಗೆ ಹಿಡಿಯುವ ಕಾಲ ಕೇವಲ ೩೨ ಸೆಕೆಂಡುಗಳು! ಅನಂತರ ಮೊದಲು ನೋಡಿರದ ಒಂದು ಪುಟವನ್ನು ಓದಿಸುತ್ತಾರೆ. ಗುಂಪಿನಲ್ಲಿ ನಿಲ್ಲಿಸಿ ಕೆಲವು ಹೆಜ್ಜೆಗಳನ್ನು ಹಾಕಿಸುತ್ತಾರೆ. ಸಂದೇಹವಿದ್ದವರನ್ನು ಇನ್ನೊಮ್ಮೆ ಕರೆಯುತ್ತಾರೆ. ಕೆಲವು ದಿನಗಳ ಮೇಲೆ ಪಾತ್ರಗಳ ಪಟ್ಟಿ ಹೊರಬೀಳುತ್ತದೆ. ತನ್ನ ಹೆಸರನ್ನು ಅದರಲ್ಲಿ ಕಾಣದ ಹದಿನಾಲ್ಕರ ಹುಡುಗನು 'ನನಗೆ ಕಂಠವೇ ಇಲ್ಲ' ಎಂದು ನಿಶ್ಚಯಿಸಿ ಬಾಳಿನುದ್ದಕ್ಕೂ ಹಾಡದೆ ಉಳಿಯುವುದುಂಟು. ಈ ನಿಶ್ಚಯಕ್ಕೆ ಆಧಾರವಿದೆಯೇ? ಆ ಅರ್ಧ ನಿಮಿಷದಲ್ಲಿ ಪರೀಕ್ಷೆಗೆ ಒಳಗಾಗುವುದು ಯಾವುದು? ಇದನ್ನು ತಿಳಿಯಬೇಕಾದರೆ ಕಂಠವೆಂಬ ವಾದ್ಯದ ರಚನೆಯನ್ನು ಮೊದಲು ನೋಡಬೇಕು.

ಕಂಠದ ರಚನೆ

ಮನುಷ್ಯನ ಕಂಠದಲ್ಲಿ ಮೂರು ಭಾಗಗಳಿವೆ. ಶ್ವಾಸಕೋಶಗಳು ಗಾಳಿಯನ್ನೂದುವ ತಿದಿ. ಧ್ವನಿಪೆಟ್ಟಿಗೆಯಲ್ಲಿರುವ ಎರಡು ಧ್ವನಿತಂತುಗಳು ನಾದವನ್ನು ಹುಟ್ಟಿಸುವ ನಾಲಗೆ. ಗಂಟಲು, ಬಾಯಿಗಳು ಆ ನಾದಕ್ಕೆ ರೂಪ ಕೊಡುವ ಪೊಳ್ಳು ಕೋಣೆ. ನಮ್ಮ ಹಾರ್ಮೋನಿಯಮ್ಮನ್ನು ಬಲ್ಲವರಿಗೆ ಈ ಹೋಲಿಕೆ ಸುಲಭವಾಗಿ ಹೊಳೆಯುತ್ತದೆ. ಆದರೆ ಹಾರ್ಮೋನಿಯಮ್ಮಿನಲ್ಲಿ ಸ್ವರಕ್ಕೊಂದು ನಾಲಗೆ ಬೇಕು. ಕಂಠದಲ್ಲಿ ಒಂದೇ ಜೊತೆ ತಂತುಗಳು ಎಳೆದುಕೊಂಡು, ಸಡಿಲಗೊಂಡು ಎಲ್ಲ ಸ್ವರಗಳನ್ನೂ ಕೊಡುತ್ತವೆ.

'ತಂತು' ಎಂದು ಕರೆದರೂ ಇವು ತಂತಿಗಳಲ್ಲ. ತೇವವಾದ ಪೊರೆಯಿಂದ ಮುಚ್ಚಿದ ಎರಡು ಮೃದುವಾದ ಮಡಿಕೆಗಳು. ಹಾಡುತ್ತಿರುವ ಮನುಷ್ಯನಲ್ಲಿ ಇವು ಚಲಿಸುವುದನ್ನು ಸ್ಪಷ್ಟವಾಗಿ ಕಂಡು ವರ್ಣಿಸಿದ ಕೀರ್ತಿ ಮಾನ್ಯುಯೆಲ್ ಗಾರ್ಸಿಯ ಎಂಬ ಸಂಗೀತ ಶಿಕ್ಷಕನದು. ೧೮೫೪ರಲ್ಲಿ ಅವನು ದಂತವೈದ್ಯರು ಬಳಸುವಂತಹ ಪುಟ್ಟ ಕನ್ನಡಿಯೊಂದನ್ನು ತನ್ನ ಗಂಟಲೊಳಗಿಟ್ಟು, ಇನ್ನೊಂದು ಕನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಹಾಯಿಸಿ, ತನ್ನ ಧ್ವನಿತಂತುಗಳನ್ನು ತಾನೇ ನೋಡಿದನು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಇದರ ವರದಿಯನ್ನೊಪ್ಪಿಸಿದನು. ಇಂದಿಗೂ ಗಂಟಲಿನ ವೈದ್ಯರು ಕನ್ನಡಿ ಹಿಡಿದು ಮಾಡುವ ಪರೀಕ್ಷೆಗೆ ಈ ಸಂಗೀತಗಾರನ ಕುತೂಹಲವೇ ಮೂಲ.

ಶ್ವಾಸಕೋಶದಿಂದ ಬಂದ ಗಾಳಿಯ ಒತ್ತಡ ಮುಚ್ಚಿದ ಮಡಿಕೆಗಳನ್ನು ತೆರೆಯುತ್ತದೆ. ಅವುಗಳ ಸ್ಥಿತಿಸ್ಥಾಪಕತ್ವವೂ ಹರಿಯುವ ಗಾಳಿಯ ಸೆಳೆತವೂ ಸೇರಿ ಒಡನೆಯೇ ಅವುಗಳನ್ನು ಮುಚ್ಚುತ್ತವೆ. ಈ ತೆರೆತ ಮುಚ್ಚುಗಳು ಸೆಕೆಂಡಿಗೆ ಎಷ್ಟು ಸಲ ನಡೆಯುವುವೋ ಅದೇ ಸ್ವರದ ಕಂಪನಸಂಖ್ಯೆ. ವಯಸ್ಕ ಪುರುಷನು ಮಾತನಾಡುವಾಗ ಇದು ಸುಮಾರು ೧೦೦ರಿಂದ ೧೩೦. ಸ್ತ್ರೀಯರಲ್ಲಿ ಸುಮಾರು ೨೦೦. ಚಿಕ್ಕ ಮಕ್ಕಳಲ್ಲಿ ಇನ್ನೂ ಹೆಚ್ಚು. ತಂತು ಉದ್ದವೂ ದಪ್ಪವೂ ಆದಷ್ಟು ಕಂಪನ ನಿಧಾನ, ಸ್ವರ ತಗ್ಗು. ಬಿಗಿಯಾದಷ್ಟು ಕಂಪನ ತ್ವರಿತ, ಸ್ವರ ಎತ್ತರ.

ಕಂಠ ಒಡೆಯುವ ಕಾಲ

ತಾರುಣ್ಯದ ಆರಂಭದಲ್ಲಿ ಹುಡುಗರ ದೇಹದಲ್ಲಿ ಟೆಸ್ಟೊಸ್ಟಿರೋನ್ ಎಂಬ ರಸದೂತ ಹೆಚ್ಚಾಗಿ ಉತ್ಪತ್ತಿಯಾಗತೊಡಗುತ್ತದೆ. ಇದರ ಪ್ರೇರಣೆಯಿಂದ ಧ್ವನಿಪೆಟ್ಟಿಗೆಯ ಮೃದ್ವಸ್ಥಿಗಳು ಬೆಳೆದು, ಕೊರಳಿನ ಮುಂದೆ ಉಬ್ಬು ಕಾಣಿಸಿಕೊಳ್ಳುತ್ತದೆ. ತಂತುಗಳು ಉದ್ದವಾಗುತ್ತವೆ, ದಪ್ಪವಾಗುತ್ತವೆ. ವಯಸ್ಕ ಪುರುಷನ ತಂತುಗಳ ಉದ್ದ ಸುಮಾರು ೧೭ರಿಂದ ೨೫ ಮಿಲಿಮೀಟರ್. ಸ್ತ್ರೀಯರಲ್ಲಿ ಸುಮಾರು ೧೨ರಿಂದ ೧೭. ಆದಕಾರಣ ಹುಡುಗನ ಸ್ವರ ಹೆಚ್ಚು ಕಡಮೆ ಒಂದು ಸ್ಥಾಯಿಯಷ್ಟು, ಎಂದರೆ ಕಂಪನಸಂಖ್ಯೆ ಅರ್ಧಕ್ಕೆ ಇಳಿಯುವಷ್ಟು, ತಗ್ಗುತ್ತದೆ. ಹುಡುಗಿಯರ ಕಂಠವೂ ಈ ವಯಸ್ಸಿನಲ್ಲಿ ಬದಲಾಗುತ್ತದೆಂಬುದನ್ನು ಹಲವರು ಮರೆಯುತ್ತಾರೆ. ಅವರಲ್ಲಿ ಇಳಿತ ಎರಡು ಮೂರು ಅರ್ಧಸ್ವರಗಳಷ್ಟೆ. ಆದರೂ ಕೆಲವು ಕಾಲ ಸ್ವರದಲ್ಲಿ ಗಾಳಿ ಬೆರೆತು, ಎತ್ತರದ ಸ್ವರಗಳು ಕೈಗೆ ಸಿಕ್ಕದೆ ಹೋಗಬಹುದು.

ಬೆಳವಣಿಗೆಯ ವೇಗ ಎಲ್ಲರಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಒಬ್ಬನ ಕಂಠ ಹನ್ನೆರಡರಲ್ಲೇ ಇಳಿಯತೊಡಗಿದರೆ ಇನ್ನೊಬ್ಬನದು ಹದಿನೈದರವರೆಗೂ ಕಾಯಬಹುದು. ವರ್ಷಗಳಿಂದ ಒಂದು ಅಳತೆಯ ತಂತುಗಳನ್ನು ಆಳಿ ರೂಢಿಯಾದ ಸ್ನಾಯುಗಳು ಈಗ ಹೊಸ ಅಳತೆಗೆ ಹೊಂದಿಕೊಳ್ಳಬೇಕು. ಹೊಂದಿಕೆ ತಪ್ಪಿದ ಕ್ಷಣದಲ್ಲಿ ಸ್ವರ ಥಟ್ಟನೆ ಮೇಲಕ್ಕೆ ಹಾರುತ್ತದೆ ಅಥವಾ ನಿಂತೇ ಹೋಗುತ್ತದೆ. ಇದನ್ನೇ ಜನರು 'ಕಂಠ ಒಡೆಯಿತು' ಎನ್ನುತ್ತಾರೆ. ನಿಜವಾಗಿ ಒಡೆದದ್ದು ಏನೂ ಇಲ್ಲ. ಅಮೆರಿಕದ ಸಂಗೀತ ಶಿಕ್ಷಕ ಜಾನ್ ಕುಕ್ಸಿಯವರು ೧೯೭೭ರಲ್ಲಿ ಈ ಬದಲಾವಣೆಗೆ ಕ್ರಮವಾದ ಹಂತಗಳಿವೆಯೆಂದು ತೋರಿಸಿಕೊಟ್ಟರು. ಪ್ರತಿ ಹಂತದಲ್ಲಿಯೂ ಹುಡುಗನು ಸುಖವಾಗಿ ಹಾಡಬಲ್ಲ ಕೆಲವು ಸ್ವರಗಳು ಇದ್ದೇ ಇರುತ್ತವೆ. ಆ ಮಿತಿಯೊಳಗೆ ಹಾಡುತ್ತಿದ್ದರೆ ಅಪಾಯವಿಲ್ಲ ಎಂಬುದು ಅವರ ಅಭಿಪ್ರಾಯದ ಸಾರ.

ಈ ಬದಲಾವಣೆ ರಂಗದ ಮೇಲೆಯೇ ನಡೆದ ಪ್ರಸಂಗವೊಂದುಂಟು. ಆಂಗ್ಲ ಸಂಗೀತ ರಚಕ ಬೆಂಜಮಿನ್ ಬ್ರಿಟನ್ನರ 'ದಿ ಟರ್ನ್ ಆಫ್ ದಿ ಸ್ಕ್ರೂ' ಎಂಬ ಗೀತನಾಟಕ ೧೯೫೪ರಲ್ಲಿ ವೆನಿಸ್ಸಿನಲ್ಲಿ ಮೊದಲು ಪ್ರದರ್ಶಿತವಾದಾಗ, ಬಾಲಕ ಮೈಲ್ಸನ ಪಾತ್ರವನ್ನು ಹಾಡಿದವನು ಡೇವಿಡ್ ಹೆಮಿಂಗ್ಸ್. ೧೯೫೬ರಲ್ಲಿ ಪ್ಯಾರಿಸಿನ ಒಂದು ಪ್ರದರ್ಶನದ ನಡುವೆಯೇ ಅವನ ಸ್ವರ ಒಡೆಯಿತು. ಆ ಪಾತ್ರ ಅಲ್ಲಿಗೇ ಮುಗಿಯಿತು. ಅವನೇ ಮುಂದೆ ಹೆಸರಾಂತ ಚಲನಚಿತ್ರ ನಟನಾದನು. ನಮ್ಮ ವೃತ್ತಿ ಕಂಪೆನಿಗಳಲ್ಲಿ ಬಾಲಕರು ಸ್ತ್ರೀಪಾತ್ರಗಳನ್ನು ವಹಿಸುತ್ತಿದ್ದ ಕಾಲದಲ್ಲಿಯೂ ಕಂಠದ ಬದಲಾವಣೆಯೊಡನೆ ಪಾತ್ರವೂ ಬದಲಾಗಬೇಕಾಗುತ್ತಿತ್ತು. ೧೮೮೪ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪೆನಿಯನ್ನು ಬಾಲಕನಾಗಿ ಸೇರಿದ ಬಿ. ವಿ. ಕಾರಂತರು ಮುಂದೆ ರಂಗಸಂಗೀತ ರಚಕರಾಗಿ, ನಿರ್ದೇಶಕರಾಗಿ, ರಂಗಾಯಣದ ಮೊದಲ ನಿರ್ದೇಶಕರಾಗಿ ಹೆಸರು ಪಡೆದರು.

ಹಾಡನ್ನು ಆರಿಸುವ ಬಗೆ

ಇದರಿಂದ ವಿದ್ಯಾರ್ಥಿಗೆ ದೊರೆಯುವ ಮೊದಲ ಪಾಠ ಹಾಡಿನ ಆಯ್ಕೆಗೆ ಸಂಬಂಧಿಸಿದ್ದು. ತಾನು ಹಾಡಬಲ್ಲ ಅತಿ ಎತ್ತರದ ಸ್ವರವನ್ನು ಪ್ರದರ್ಶಿಸುವ ಆಸೆ ಸಹಜ. ಆದರೆ ಮನೆಯಲ್ಲಿ ಹತ್ತು ಸಲ ಹಾಡಿದರೆ ಏಳು ಸಲ ಮಾತ್ರ ಸಿಕ್ಕುವ ಸ್ವರ, ಪರೀಕ್ಷಕರ ಮುಂದೆ ಸಿಕ್ಕುವ ಭರವಸೆಯಿಲ್ಲ. ಮಾತಿನ ಸ್ವರಕ್ಕೆ ಸಮೀಪವಾದ ಮಧ್ಯಸ್ಥಾಯಿಯಲ್ಲಿ ಹರಿಯುವ ಹಾಡನ್ನು ಆರಿಸುವುದು ಲೇಸು. ಮೂರು ತಿಂಗಳ ಹಿಂದೆ ಹೊಂದುತ್ತಿದ್ದ ಶ್ರುತಿ ಈಗ ಹೊಂದುತ್ತದೆಯೇ ಎಂದು ಪರೀಕ್ಷೆಯ ಹಿಂದಿನ ವಾರದಲ್ಲಿ ನೋಡಿಕೊಳ್ಳಬೇಕು. ಹೊಂದದಿದ್ದರೆ ಶ್ರುತಿಯನ್ನು ಇಳಿಸಿಕೊಳ್ಳಲು ನಾಚಬೇಕಾಗಿಲ್ಲ.

ಎರಡನೆಯ ಪಾಠ ಇನ್ನೂ ಮುಖ್ಯವಾದುದು. ಕಿರುಚಿ ಹಾಡಿದಾಗ ಧ್ವನಿತಂತುಗಳು ಬಲವಾಗಿ ಒಂದನ್ನೊಂದು ಅಪ್ಪಳಿಸುತ್ತವೆ. ಗುದ್ದಲಿ ಹಿಡಿದ ಅಂಗೈಯಲ್ಲಿ ಜಡ್ಡು ಕಟ್ಟುವಂತೆ, ಎಡೆಬಿಡದೆ ಹೀಗೆ ಬಡಿದುಕೊಂಡ ತಂತುಗಳ ಅಂಚಿನಲ್ಲಿ ಪುಟ್ಟ ಗಂಟುಗಳೇಳುತ್ತವೆ. ಆಗ ತಂತುಗಳು ಪೂರ್ಣವಾಗಿ ಕೂಡಿಕೊಳ್ಳದೆ ಸ್ವರ ಒಡಕಾಗುತ್ತದೆ. ವಿಶ್ರಾಂತಿ ಮತ್ತು ಸರಿಯಾದ ಶಿಕ್ಷಣದಿಂದ ಇವು ಬಹುಮಟ್ಟಿಗೆ ಗುಣವಾಗುತ್ತವೆ. ನೆಗಡಿ ಕೆಮ್ಮುಗಳು ಕಳೆದ ಮೇಲೆಯೂ ಮೂರು ನಾಲ್ಕು ವಾರ ಗೊಗ್ಗರು ಉಳಿದರೆ ಗಂಟಲಿನ ವೈದ್ಯರನ್ನು ಕಾಣತಕ್ಕದ್ದು. ಸಾಕಷ್ಟು ನೀರು ಕುಡಿಯುವುದು, ಗದ್ದಲದಲ್ಲಿ ಕೂಗಿ ಮಾತನಾಡದಿರುವುದು, ಹಾಡುವ ಮೊದಲು ಮೆಲ್ಲನೆ ಗುನುಗಿ ಕಂಠವನ್ನು ಕಾಯಿಸಿಕೊಳ್ಳುವುದು ಇವು ಖರ್ಚಿಲ್ಲದ ಎಚ್ಚರಿಕೆಗಳು.

ಹೆದರಿಕೆಯ ಶರೀರವಿಜ್ಞಾನ

ಹೆಸರು ಕೂಗಿದೊಡನೆ ಎದೆ ಡವಗುಟ್ಟುತ್ತದೆ, ಬಾಯಿ ಒಣಗುತ್ತದೆ, ಕೈ ಬೆವರುತ್ತದೆ, ಮೊಣಕಾಲು ನಡುಗುತ್ತದೆ. ಇದು ಹೇಡಿತನದ ಲಕ್ಷಣವಲ್ಲ. ಹಾರ್ವರ್ಡಿನ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ನರು ೧೯೧೫ರ ತಮ್ಮ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ. ಅಪಾಯ ಎದುರಾದಾಗ ಹೋರಾಡುವುದಕ್ಕೋ ಓಡುವುದಕ್ಕೋ ದೇಹ ಸಜ್ಜಾಗುತ್ತದೆ. ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಹೃದಯದ ಬಡಿತ ಏರುತ್ತದೆ. ಸ್ನಾಯುಗಳಿಗೆ ರಕ್ತ ಹೆಚ್ಚಾಗಿ ಹರಿಯುತ್ತದೆ. ಜೀರ್ಣಕಾರ್ಯ ಹಿಂದೆ ಸರಿದು ಜೊಲ್ಲು ಕಡಮೆಯಾಗುತ್ತದೆ. ಹುಲಿಯೆದುರು ಉಪಯುಕ್ತವಾದ ಈ ಏರ್ಪಾಡು ಹಾಡುಗಾರನಿಗೆ ತೊಡಕಾಗುತ್ತದೆ. ಉಸಿರು ಮೇಲುಮೇಲಕ್ಕೆ ಆಡಿ ದೀರ್ಘವಾದ ಸಾಲಿಗೆ ಗಾಳಿ ಸಾಲದು. ಧ್ವನಿಪೆಟ್ಟಿಗೆಯ ಸುತ್ತಲಿನ ಸ್ನಾಯುಗಳು ಬಿಗಿದು ಸ್ವರ ನಡುಗುತ್ತದೆ.

ಹೃದಯವನ್ನು ಇಚ್ಛೆಯಿಂದ ನಿಲ್ಲಿಸಲೂ ನಿಧಾನಗೊಳಿಸಲೂ ನಮಗೆ ಅಧಿಕಾರವಿಲ್ಲ. ಉಸಿರಿನ ಮೇಲೆ ಮಾತ್ರ ಇದೆ. ನಿಧಾನವಾಗಿ, ದೀರ್ಘವಾಗಿ ಉಸಿರು ಬಿಡುವಾಗ ಹೃದಯದ ಬಡಿತವೂ ತುಸು ಇಳಿಯುತ್ತದೆ. ಆದುದರಿಂದ ಸರದಿಗಾಗಿ ಕಾಯುವಾಗ ನಿಡಿದಾಗಿ ಉಸಿರು ಬಿಡುವ ಅಭ್ಯಾಸ ಪ್ರಯೋಜನಕರ. ಇನ್ನೊಂದು ಉಪಾಯವನ್ನು ಅಮೆರಿಕದ ಆಲಿಸನ್ ವುಡ್ ಬ್ರೂಕ್ಸ್ ೨೦೧೪ರಲ್ಲಿ ಪ್ರಕಟಿಸಿದರು. ಅಪರಿಚಿತರ ಮುಂದೆ ಹಾಡಬೇಕಾದವರಲ್ಲಿ ಕೆಲವರಿಂದ 'ನನಗೆ ಆತಂಕವಾಗಿದೆ' ಎಂದೂ ಕೆಲವರಿಂದ 'ನನಗೆ ಉತ್ಸಾಹವಾಗಿದೆ' ಎಂದೂ ಹೇಳಿಸಿ, ಅವರ ಹಾಡಿನ ನಿಖರತೆಯನ್ನು ಯಂತ್ರದಿಂದ ಅಳೆದರು. ಉತ್ಸಾಹವೆಂದು ಹೇಳಿದವರ ಹಾಡು ಹೆಚ್ಚು ಸರಿಯಾಗಿತ್ತು. ಎದೆ ಹೊಡೆದುಕೊಳ್ಳುವುದು ಭಯದಲ್ಲಿಯೂ ಉತ್ಸಾಹದಲ್ಲಿಯೂ ಒಂದೇ ತೆರನಾಗಿರುವುದರಿಂದ, ಅದನ್ನು ಅಡಗಿಸುವುದಕ್ಕಿಂತ ಅದಕ್ಕೆ ಬೇರೆ ಹೆಸರಿಡುವುದು ಸುಲಭವೆಂದು ತೋರುತ್ತದೆ.

ಪರೀಕ್ಷಕರ ಕಿವಿ

ಪರೀಕ್ಷಕರೂ ಮನುಷ್ಯರೇ ಆದುದರಿಂದ ಅವರ ತೀರ್ಪನ್ನೂ ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ೨೦೧೩ರಲ್ಲಿ ಚಿಯಾ-ಜಂಗ್ ತ್ಸಾಯ್ ಎಂಬ ಸಂಶೋಧಕಿ ಸಂಗೀತ ಸ್ಪರ್ಧೆಗಳ ಕೊನೆಯ ಸುತ್ತಿನ ತುಣುಕುಗಳನ್ನು ಜನರಿಗೆ ಕೊಟ್ಟು, ಗೆದ್ದವರು ಯಾರೆಂದು ಊಹಿಸಲು ಹೇಳಿದರು. ಧ್ವನಿಯನ್ನು ಮಾತ್ರ ಕೇಳಿದವರಿಗಿಂತ, ಧ್ವನಿಯಿಲ್ಲದ ಚಿತ್ರವನ್ನು ಮಾತ್ರ ನೋಡಿದವರು ವಿಜೇತರನ್ನು ಹೆಚ್ಚು ಸರಿಯಾಗಿ ಗುರುತಿಸಿದರು! ಸಂಗೀತ ಬಲ್ಲವರ ವಿಷಯದಲ್ಲಿಯೂ ಫಲ ಇದೇ ಆಯಿತು. ೨೦೦೫ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆ ಯೂರೋಪಿನ ಯೂರೋವಿಷನ್ ಹಾಡಿನ ಸ್ಪರ್ಧೆ ಮತ್ತು ಹಿಮನರ್ತನದ ಸ್ಪರ್ಧೆಗಳ ಅಂಕಗಳನ್ನು ಪರಿಶೀಲಿಸಿ, ತಡವಾಗಿ ಬಂದವರಿಗೆ ಹೆಚ್ಚು ಅಂಕ ದೊರೆಯುವ ಒಲವನ್ನು ಕಂಡಿತು.

ಇದರಿಂದ ಪರೀಕ್ಷಕರೆಲ್ಲರೂ ಪಕ್ಷಪಾತಿಗಳೆಂದು ತಿಳಿಯಬಾರದು. ನಾಟಕವು ಕಣ್ಣಿಗೂ ಕಿವಿಗೂ ಸೇರಿದ ಕಲೆ. ನಿಲುವು, ನಡಿಗೆ, ಎದುರಿನವನ ಮಾತನ್ನು ಕೇಳುವ ರೀತಿ ಇವೆಲ್ಲ ಅಲ್ಲಿ ಲೆಕ್ಕಕ್ಕೆ ಬರಬೇಕಾದವೇ. ಅಲ್ಲದೆ ಪಾತ್ರಗಳನ್ನು ಹಂಚುವುದೆಂದರೆ ಒಡೆದ ಚಿತ್ರದ ತುಂಡುಗಳನ್ನು ಹೊಂದಿಸಿದಂತೆ. ತಾಯಿಗಿಂತ ಮಗ ಎತ್ತರವಾಗಿ ಕಂಡರೆ, ಅಣ್ಣತಮ್ಮಂದಿರ ಸ್ವರಗಳು ಒಂದರೊಡನೊಂದು ಕೂಡದಿದ್ದರೆ, ಚೆನ್ನಾಗಿ ಹಾಡಿದವನನ್ನೂ ಬಿಡಬೇಕಾಗುತ್ತದೆ. ಹೀಗಿರುವಲ್ಲಿ, ಬೆಳೆಯುತ್ತಿರುವ ಕಂಠ, ಹೆದರಿದ ದೇಹ, ತಪ್ಪಬಹುದಾದ ಕಿವಿ ಇವು ಮೂರೂ ಅರ್ಧ ನಿಮಿಷ ಸಂಧಿಸಿದಾಗ ಹೊರಬಿದ್ದ ತೀರ್ಪನ್ನು ಹುಡುಗನೊಬ್ಬನ ಯೋಗ್ಯತೆಯ ಅಳತೆಯೆಂದು ಭಾವಿಸುವುದು ತರ್ಕಕ್ಕೆ ನಿಲ್ಲುವುದಿಲ್ಲ.

ಅಭ್ಯಾಸದ ದಿನಗಳು

ಆಯ್ಕೆಯಾದವರಿಗೆ ಇನ್ನು ವಾರಗಟ್ಟಲೆ ಅಭ್ಯಾಸ. ಮಾತುಗಳನ್ನು ಬಾಯಿಪಾಠ ಮಾಡುವುದೇ ಹಲವರಿಗೆ ದೊಡ್ಡ ಭಯ. ನಟರ ಜ್ಞಾಪಕಶಕ್ತಿಯನ್ನು ದೀರ್ಘಕಾಲ ಅಭ್ಯಸಿಸಿದ ಅಮೆರಿಕದ ಹೆಲ್ಗಾ ನೋಯ್ಸ್ ಮತ್ತು ಟೋನಿ ನೋಯ್ಸ್ ಅವರು ಒಂದು ಸ್ವಾರಸ್ಯವನ್ನು ಕಂಡರು. ನುರಿತ ನಟರು ಪದಗಳನ್ನು ಉರುಹೊಡೆಯುವುದಿಲ್ಲ. ಈ ಪಾತ್ರ ಈ ಮಾತಿನಿಂದ ಏನನ್ನು ಸಾಧಿಸಬಯಸುತ್ತದೆ ಎಂದು ಸಾಲು ಸಾಲಿಗೂ ಕೇಳಿಕೊಳ್ಳುತ್ತಾರೆ. ಉದ್ದೇಶ ತಿಳಿದಾಗ ಪದಗಳು ತಾವಾಗಿ ಹಿಂಬಾಲಿಸುತ್ತವೆ. ರಂಗದ ಮೇಲೆ ನಡೆಯುತ್ತ ಆಡಿದ ಮಾತು, ನಿಂತಲ್ಲಿಯೇ ಆಡಿದ ಮಾತಿಗಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆಂಬುದೂ ಅವರ ಅನುಭವ.

ಮೇಳದ ಹಾಡಿನಲ್ಲಿ ಭೌತಶಾಸ್ತ್ರದ ಒಂದು ತೊಡಕು ಎದುರಾಗುತ್ತದೆ. ಶಬ್ದವು ಸೆಕೆಂಡಿಗೆ ಸುಮಾರು ೩೪೦ ಮೀಟರ್ ಚಲಿಸುತ್ತದಷ್ಟೆ. ವಾದ್ಯಗಳಿಂದ ೧೭ ಮೀಟರ್ ದೂರದಲ್ಲಿ, ರಂಗದ ಹಿಂಭಾಗದಲ್ಲಿ ನಿಂತವನಿಗೆ ಪೆಟ್ಟು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ತಡವಾಗಿ ಕೇಳಿಸುತ್ತದೆ. ಅವನು ಅದನ್ನು ಕೇಳಿ ಹಾಡಿದರೆ, ಆ ಸ್ವರ ಮುಂದಕ್ಕೆ ಬರಲು ಮತ್ತೆ ಅಷ್ಟೇ ಕಾಲ ಹಿಡಿದು, ತಾಳ ಹಿಂದೆ ಬಿದ್ದಂತೆ ಕೇಳುತ್ತದೆ. ಬೆಳಕಿಗೆ ಈ ವಿಳಂಬವಿಲ್ಲ. ಆದಕಾರಣವೇ 'ಕಿವಿಯನ್ನು ನಂಬಬೇಡಿ, ನನ್ನ ಕೈಯನ್ನು ನೋಡಿ' ಎಂದು ಮೇಳನಾಯಕರು ಎಚ್ಚರಿಸುವುದು.

ಸಭಾಂಗಣದ ಗುಣವೂ ಅಷ್ಟೇ ಮುಖ್ಯ. ಹಾರ್ವರ್ಡಿನ ಯುವಕ ಪ್ರಾಧ್ಯಾಪಕ ವಾಲೇಸ್ ಸೇಬಿನ್ನರಿಗೆ ೧೮೯೫ರಲ್ಲಿ, ಮಾತು ಸ್ಪಷ್ಟವಾಗಿ ಕೇಳಿಸದಿದ್ದ ಒಂದು ಉಪನ್ಯಾಸ ಮಂದಿರವನ್ನು ಸರಿಪಡಿಸುವ ಹೊಣೆ ಬಂತು. ಅಲ್ಲಿ ನುಡಿದ ಮಾತು ಸುಮಾರು ಐದೂವರೆ ಸೆಕೆಂಡು ಗೋಡೆಯಿಂದ ಗೋಡೆಗೆ ಅಲೆಯುತ್ತ ಮುಂದಿನ ಮಾತುಗಳೊಡನೆ ಬೆರೆಯುತ್ತಿತ್ತು. ಸೇಬಿನ್ನರು ರಾತ್ರಿಯ ನಿಶ್ಶಬ್ದದಲ್ಲಿ ಪಕ್ಕದ ರಂಗಮಂದಿರದ ಮೆತ್ತೆಗಳನ್ನು ಹೊತ್ತು ತಂದು ಹರಡಿ, ನಾದ ಅಡಗುವ ಕಾಲವನ್ನು ಅಳೆದರು. ಮೆತ್ತನೆಯ ವಸ್ತುಗಳೂ ಮನುಷ್ಯರ ಮೈಯೂ ಉಡುಪೂ ಶಬ್ದವನ್ನು ಹೀರುತ್ತವೆಂಬುದಕ್ಕೆ ಲೆಕ್ಕ ದೊರೆಯಿತು. ಖಾಲಿ ಸಭಾಂಗಣದಲ್ಲಿ ಅಭ್ಯಾಸ ಮಾಡಿದ ಹುಡುಗರಿಗೆ ಪ್ರದರ್ಶನದ ಸಂಜೆ ತಮ್ಮ ಸ್ವರ ಸಪ್ಪೆಯಾದಂತೆ ತೋರುವುದು ಇದರಿಂದಲೇ. ಆಗ ಗಾಬರಿಗೊಂಡು ಕಿರುಚಬಾರದು. ವ್ಯಂಜನಗಳನ್ನು ಸ್ಫುಟವಾಗಿ ನುಡಿದರೆ ಸಾಕು. ಸ್ವೀಡನ್ನಿನ ಯೋಹಾನ್ ಸುಂಡ್‌ಬರ್ಗ್ ೧೯೭೦ರ ದಶಕದಲ್ಲಿ ತೋರಿಸಿದಂತೆ, ಪಳಗಿದ ಗೀತನಾಟಕ ಗಾಯಕರು ವಾದ್ಯಮೇಳವನ್ನು ಮೀರಿ ಕೇಳಿಸುವುದು ಬರಿಯ ಬಲದಿಂದಲ್ಲ; ವಾದ್ಯಮೇಳದ ನಾದ ದುರ್ಬಲವಾಗಿರುವ, ಸೆಕೆಂಡಿಗೆ ಸುಮಾರು ೩೦೦೦ ಕಂಪನಗಳ ಪ್ರದೇಶದಲ್ಲಿ ಅವರ ಕಂಠದ ಕೋಣೆಗಳು ನಾದವನ್ನು ಪುಷ್ಟಿಗೊಳಿಸುವುದರಿಂದ. ಇದು ಬೆಳೆದ ಕಂಠಕ್ಕೆ ವರ್ಷಗಳ ಸಾಧನೆಯಿಂದ ಬರುವ ಗುಣ. ಹದಿಹರೆಯದವರು ಬಲವಂತದಿಂದ ಅನುಕರಿಸತಕ್ಕದ್ದಲ್ಲ.

ಎಲ್ಲರೂ ಒಟ್ಟಿಗೆ ಹಾಡುವಾಗ ದೇಹಗಳೂ ಒಂದಾಗುತ್ತವೆ. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ೨೦೧೩ರಲ್ಲಿ ಹದಿನೆಂಟರ ತರುಣ ತರುಣಿಯರ ಮೇಲೆ ನಡೆದ ಪ್ರಯೋಗವೊಂದು ಇದನ್ನು ತೋರಿಸಿತು. ಹಾಡಿನ ಸಾಲುಗಳು ಎಲ್ಲರ ಉಸಿರನ್ನೂ ಒಂದೇ ಲಯಕ್ಕೆ ತರುತ್ತವೆ. ಉಸಿರಿನೊಡನೆ ಹೃದಯದ ಬಡಿತ ಏರಿಳಿಯುವುದರಿಂದ, ಜೊತೆಗೆ ಹಾಡುವವರ ಹೃದಯಗಳೂ ಕೂಡಿಯೇ ಏರಿಳಿಯತೊಡಗುತ್ತವೆ.

ಎಲ್ಲರಿಗೂ ಸ್ಥಳವಿದ್ದ ಒಂದು ನಾಟಕ

ಬ್ರಿಟನ್ನರು ೧೯೫೮ರಲ್ಲಿ ಮಕ್ಕಳಿಗಾಗಿ 'ನೋಯ್ಸ್ ಫ್ಲಡ್' ಎಂಬ ಇನ್ನೊಂದು ಗೀತನಾಟಕವನ್ನು ರಂಗಕ್ಕೆ ತಂದರು. ಚೆಸ್ಟರ್ ಪಟ್ಟಣದ ಹಳೆಯ ಧಾರ್ಮಿಕ ನಾಟಕವೊಂದರಿಂದ ತೆಗೆದ ಜಲಪ್ರಳಯದ ಕಥೆಯದು. ಆ ವರ್ಷದ ಜೂನ್ ೧೮ರಂದು ಸಫೋಕ್ ಪ್ರಾಂತದ ಆರ್‌ಫರ್ಡ್ ಇಗರ್ಜಿಯಲ್ಲಿ ಅದರ ಮೊದಲ ಪ್ರದರ್ಶನವಾಯಿತು. ನೋಹ, ಅವನ ಹೆಂಡತಿ, ದೇವರ ವಾಣಿ ಇವರನ್ನೂ ಕೆಲವು ವಾದ್ಯಗಾರರನ್ನೂ ಬಿಟ್ಟರೆ, ಉಳಿದವರಲ್ಲಿ ಬಹುಪಾಲು ಆ ಪ್ರಾಂತದ ಮಕ್ಕಳೇ. ಪ್ರಾಣಿಗಳ ವೇಷದಲ್ಲಿ ಸಾಲುಗಟ್ಟಿ ಬಂದವರು ಶಾಲಾ ಹುಡುಗ ಹುಡುಗಿಯರು. ಪಿಟೀಲು ಕಲಿಯಲು ಈಗಷ್ಟೇ ತೊಡಗಿದವರಿಗೆ, ಬೆರಳಿಡದ ಬಿಡಿತಂತಿಗಳಲ್ಲೇ ನುಡಿಸುವ ಭಾಗವನ್ನು ಬರೆದಿದ್ದರು. ಮಳೆಯ ಮೊದಲ ಹನಿಗಳನ್ನು ಯಾವುದರಿಂದ ನುಡಿಸಬೇಕೆಂಬ ಪ್ರಶ್ನೆ ಎದ್ದಾಗ ಸಂಗೀತ ಶಿಕ್ಷಕಿ ಇಮೋಜೆನ್ ಹೋಲ್ಸ್ಟ್ ತಮ್ಮ ಅಡಿಗೆಮನೆಯಲ್ಲಿ ಪಿಂಗಾಣಿ ಬಟ್ಟಲುಗಳನ್ನು ದಾರಕ್ಕೆ ಸಾಲಾಗಿ ತೂಗುಹಾಕಿ ಮರದ ಸೌಟಿನಿಂದ ಬಡಿದು ತೋರಿಸಿದರು. ಗಾತ್ರಕ್ಕೆ ತಕ್ಕಂತೆ ಬಟ್ಟಲುಗಳ ಸ್ವರ ಬೇರೆ ಬೇರೆಯಾಗಿರುವುದರಿಂದ ಹನಿಗಳ ಟಪಟಪ ಶಬ್ದ ಅದರಿಂದಲೇ ಒದಗಿತು. ಪ್ರೇಕ್ಷಕರೂ ಎದ್ದು ಭಜನೆಯಂತಹ ಹಾಡುಗಳಲ್ಲಿ ದನಿಗೂಡಿಸಬೇಕಾದ ನಾಟಕವದು.

ನಮ್ಮ ವಿಷಯಕ್ಕೆ ಮುಖ್ಯವಾದುದು ನೋಹನ ಮೂವರು ಮಕ್ಕಳ ಸಂಗತಿ. ಇಬ್ಬರ ಭಾಗಗಳನ್ನು ಬ್ರಿಟನ್ನರು ಬಾಲಕರ ಎತ್ತರದ ಕಂಠಕ್ಕೆ ಬರೆದರು. ಮೂರನೆಯವನಾದ ಜಾಫೆಟ್ಟನ ಭಾಗವನ್ನು ಟೆನರ್ ಎಂದು ಕರೆಯುವ, ಇಳಿದ ಕಂಠಕ್ಕೆ ಬರೆದರು. ಮೊದಲ ಪ್ರದರ್ಶನದಲ್ಲಿ ಅದನ್ನು ಹಾಡಿದವನು ಆಗ ಹದಿನಾರರ ಪ್ರಾಯದ ಮೈಕೇಲ್ ಕ್ರಾಫರ್ಡ್. ೧೯೮೬ರಲ್ಲಿ ಲಂಡನ್ನಿನ 'ದಿ ಫ್ಯಾಂಟಮ್ ಆಫ್ ದಿ ಆಪೆರಾ' ಸಂಗೀತ ನಾಟಕದ ಮುಖ್ಯಪಾತ್ರದಿಂದ ಲೋಕವಿಖ್ಯಾತನಾದವನು ಇವನೇ. ಎಲ್ಲರೂ ಕ್ರಾಫರ್ಡರಾಗುವುದಿಲ್ಲ, ಆಗಬೇಕಾದ ಅಗತ್ಯವೂ ಇಲ್ಲ. ಬದಲಾದ ಕಂಠದ ಹುಡುಗನಿಗೆ ಆ ನಾಟಕದಲ್ಲಿ ಹಾಡಲು ಒಂದು ಭಾಗವಿತ್ತು, ಪಿಟೀಲಿನ ಮೊದಲ ಪಾಠದವನಿಗೆ ನುಡಿಸಲು ನಾಲ್ಕು ತಂತಿಗಳಿದ್ದವು, ಏನೂ ಬಾರದವನಿಗೆ ಬಡಿಯಲು ಬಟ್ಟಲುಗಳಿದ್ದವು.

ಊರಿನಲ್ಲಿ, ಶಾಲೆಯಲ್ಲಿ, ಕಾಲೇಜಿನಲ್ಲಿ ಸಂಗೀತ ನಾಟಕ ಮಾಡಿಸುವವರು ಹೀಗೆ ಎಲ್ಲರಿಗೂ ಎಡೆಮಾಡಿಕೊಡುವುದು ಕಷ್ಟವಲ್ಲ. ಕಂಠ ಬದಲಾಗುತ್ತಿರುವ ಹುಡುಗನನ್ನು 'ಮುಂದಿನ ವರ್ಷ ಬಾ' ಎಂದು ಕಳುಹಿಸುವ ಬದಲು, ಅವನಿಗೆ ಸುಖವಾದ ಐದಾರು ಸ್ವರಗಳನ್ನು ಕಂಡುಹಿಡಿದು ಅಷ್ಟರಲ್ಲಿ ಒಂದು ಸಾಲನ್ನು ಕೊಟ್ಟರೆ ಸಾಕು. ವಿದ್ಯಾರ್ಥಿಗಳಾದರೋ, ಒಮ್ಮೆ ಹೆಸರು ಪಟ್ಟಿಯಲ್ಲಿ ಬಾರದಿದ್ದರೆ ಆ ವರ್ಷ ಪರದೆ ಎಳೆಯುವ ಕೆಲಸವನ್ನಾದರೂ ಕೇಳಿ ಪಡೆದು ಅಭ್ಯಾಸಗಳಿಗೆ ತಪ್ಪದೆ ಹೋಗತಕ್ಕದ್ದು. ಅಲ್ಲಿ ಕೇಳಿದ ಹಾಡುಗಳು ಕಿವಿಯಲ್ಲಿ ಉಳಿಯುತ್ತವೆ. ಅಷ್ಟರೊಳಗೆ ಕಂಠ ತನ್ನ ಹೊಸ ಸ್ಥಾಯಿಗೆ ಬಂದು ನೆಲೆಸಿರುತ್ತದೆ. ಮುಂದಿನ ಸಲ ಪರೀಕ್ಷಕರ ಮುಂದೆ ನಿಲ್ಲುವವನು ಬಹುಮಟ್ಟಿಗೆ ಬೇರೊಂದು ವಾದ್ಯದೊಡನೆ ನಿಂತಿರುತ್ತಾನೆ.